ಸಸ್ತಾಪುರ ಬಂಗ್ಲಾದಿಂದ ಮನೋವಿಕಾಸ ನಗರಕ್ಕೆ

ಬಸವಕಲ್ಯಾಣ ಹೆದ್ದಾರಿಯ ಮೇಲಿಲ್ಲ. ಹೈದರಾಬಾದ್-ಸೋಲಾಪುರ ರಸ್ತೆಯಲ್ಲಿ ಸಸ್ತಾಪುರ ಬಂಗ್ಲಾ ಅನ್ನೋ ಕ್ರಾಸಿನಲ್ಲಿ ಇಳಿದು ಒಳಗೆ ಹೋಗಬೇಕು. ಹುಮನಾಬಾದ್ ಮಾತ್ರ ಹೆದ್ದಾರಿಗೇ ಅಂಟಿಕೊಂಡಿದೆ, ಬೀದರ್-ಕಲಬುರಗಿ ರಸ್ತೆ ಅದನ್ನು ಅಲ್ಲೇ ಅಡ್ಡ ಹಾಯುತ್ತದೆ. ಈ ಎರಡೂ ಊರುಗಳಲ್ಲಿ ಯಾರಿಗಾದರೂ ಕಾಯಿಲೆ ಕೈಮೀರಿತು ಅಂದರೆ ಮೊದಲು ಬಾಯಿಗೆ ಬರೋ ಮಾತು "ಹೈದರಾಬಾದಿಗೆ ಒಯ್ರಿ" ಅಂತ. ಬೆಂಗಳೂರಿನ ಹೆಸರು ಯಾರೂ ಎತ್ತೋದಿಲ್ಲ. ಹುಮನಾಬಾದಿನಿಂದ ಹೈದರಾಬಾದ್ ಸುಮಾರು 150 ಕಿಲೋಮೀಟರ್, ಬೆಂಗಳೂರು 600 ದಾಟುತ್ತದೆ. ದೂರಕ್ಕಿಂತ ಹಳೆಯ ಕಾರಣ ಇನ್ನೊಂದಿದೆ. 1948ರ ತನಕ ಇದು ನಿಜಾಮರ ಸೀಮೆ, ಅಲ್ಲಿಂದ 1956ರ ತನಕ ಹೈದರಾಬಾದ್ ರಾಜ್ಯ. ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೇ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿ ಉದಗೀರ್ ಕಡೆಯದನ್ನು ಬೊಂಬಾಯಿಗೆ, ಜಹೀರಾಬಾದ್ ಕಡೆಯದನ್ನು ಆಂಧ್ರಕ್ಕೆ, ಉಳಿದದ್ದನ್ನು ಮೈಸೂರಿಗೆ ಕೊಟ್ಟರು. ಕಾಗದದ ಮೇಲೆ ನಮ್ಮ ರಾಜಧಾನಿ ಬದಲಾಯಿತು, ದವಾಖಾನೆ ಬದಲಾಗಲಿಲ್ಲ.

ಇದೆಲ್ಲ ಯಾಕೆ ಹೇಳ್ತಾ ಇದೀನಿ ಅಂದರೆ, ಕೆಲವು ದಿನಗಳಿಂದ ಒಂದು ವಿಷಯದ ಹಿಂದೆ ಬಿದ್ದಿದ್ದೇನೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರೋ, ಮಾತು ಬಾರದ, ಕಿವಿ ಕೇಳದ ಮಕ್ಕಳನ್ನು ಬೆಳೆಸೋ ಕೆಲಸದಲ್ಲಿ ಅಪ್ಪ-ಅಮ್ಮ ಮತ್ತು ತಜ್ಞರು ಒಟ್ಟಿಗೆ ಕೂತಿದ್ದು ಯಾವಾಗ, ಹೇಗೆ? ಇಂಗ್ಲಿಷ್ ಪುಸ್ತಕಗಳಲ್ಲಿ ಈ ಕಥೆ ಒಂದೇ ಥರ ಶುರುವಾಗುತ್ತದೆ. ಅಮೆರಿಕದಲ್ಲಿ 1975ರ ಕಾನೂನು ಬಂತು, ಮಗುವಿನ ಕಲಿಕೆಯ ಯೋಜನೆ ಮಾಡುವಾಗ ತಂದೆ-ತಾಯಿ ಹಾಜರಿರಬೇಕು ಅಂತಾಯಿತು. ಬ್ರಿಟನ್ನಿನಲ್ಲಿ 1978ರ ವಾರ್ನಾಕ್ ವರದಿ ಬಂತು, ಅದರಲ್ಲಿ ಪೋಷಕರು ಪಾಲುದಾರರು ಅಂತ ಒಂದು ಇಡೀ ಅಧ್ಯಾಯ ಬಂತು. ಓದಿದರೆ ಯಾರೋ ಆಫೀಸಿನಲ್ಲಿ ಕೂತು ಒಳ್ಳೆಯ ಮನಸ್ಸು ಮಾಡಿದರು, ಅದಕ್ಕೇ ಎಲ್ಲ ಸರಿಹೋಯಿತು ಅನ್ನಿಸುತ್ತದೆ.

ನಮ್ಮಲ್ಲಿ ಹಾಗಾಗಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮಲ್ಲಿ ತಜ್ಞರೇ ಇರಲಿಲ್ಲ. ಇದ್ದ ನಾಲ್ಕು ಜನ ದೂರದಲ್ಲಿದ್ದರು. ವಾರಕ್ಕೆ ಮೂರು ದಿನ ಮಗುವನ್ನು ಕರೆತನ್ನಿ ಅಂತ ಬಸವಕಲ್ಯಾಣದ ಅವ್ವನಿಗೆ ಹೇಳಿದರೆ ಅವಳು ನಕ್ಕು ಬಿಡುತ್ತಿದ್ದಳು. ಹಾಗಾಗಿ ತಜ್ಞರು ತಮ್ಮ ಕೆಲಸದ ಅರ್ಧವನ್ನು ಅವಳ ಕೈಗೆ ಕೊಟ್ಟು ಕಳಿಸಬೇಕಾಯಿತು. ಒಟ್ಟಿಗೆ ಕೂತಿದ್ದು ಆದರ್ಶದಿಂದಲ್ಲ, ಬಸ್ಸಿನ ದೂರದಿಂದ.

(ಅಂದ ಹಾಗೆ, ಪದಗಳ ಬಗ್ಗೆ ಒಂದು ಮಾತು. ಆಗಿನ ಕಾಗದಗಳಲ್ಲಿ 'ಬುದ್ಧಿಮಾಂದ್ಯ' ಅಂತಲೇ ಇತ್ತು, ಈಗ 'ಬೌದ್ಧಿಕ ವಿಕಲತೆ' ಅನ್ನುತ್ತಾರೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದೂ ಹೋಗಿ ವಿಶೇಷಚೇತನ ಬರುತ್ತಿದೆ. ನಮ್ಮ ಕಡೆ ಜನ 'ಭೋಳಾ ಹುಡುಗ' ಅನ್ನುತ್ತಾರೆ. ಹೇಳುವವರ ದನಿ ನೋಡಿ ಅದು ಬೈಗುಳವೋ ಅಕ್ಕರೆಯೋ ತಿಳಿಯಬೇಕು. ಹಳೆಯ ವಿಷಯ ಹೇಳುವಾಗ ನಾನು ಹಳೆಯ ಪದವನ್ನೇ ಬಳಸಿದ್ದೇನೆ.)

ಮೊದಲು ಆ ಕಡೆಯ ಕಥೆಯನ್ನು ಸ್ವಲ್ಪ ನೋಡೋಣ. ಇಪ್ಪತ್ತನೇ ಶತಮಾನದ ಮಧ್ಯದ ತನಕ ಅಮೆರಿಕ, ಯುರೋಪಿನಲ್ಲಿ ಇಂಥ ಮಗು ಹುಟ್ಟಿದರೆ ಡಾಕ್ಟರು ಕೊಡುತ್ತಿದ್ದ ಸಲಹೆ ಸಾಮಾನ್ಯವಾಗಿ ಒಂದೇ: ಯಾವುದಾದರೂ ಸಂಸ್ಥೆಗೆ ಸೇರಿಸಿ, ಮರೆತುಬಿಡಿ. ಆಟಿಸಂ ವಿಷಯದಲ್ಲಂತೂ ತಾಯಿಯೇ ಅಪರಾಧಿ. ಅವಳ ಮನಸ್ಸು ಫ್ರಿಜ್ಜಿನ ಹಾಗೆ ತಣ್ಣಗಿತ್ತು, ಅದಕ್ಕೇ ಮಗು ಹೀಗಾಯಿತು ಅನ್ನೋ ವಾದ ಇತ್ತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದನ್ನೇ ದೊಡ್ಡ ಪುಸ್ತಕ ಮಾಡಿದ. ಅದಕ್ಕೂ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನೋ ಮನಶ್ಶಾಸ್ತ್ರಜ್ಞ ಇದು ಮೆದುಳಿಗೆ ಸಂಬಂಧಿಸಿದ ವಿಷಯ, ತಾಯಿಯ ತಪ್ಪಲ್ಲ ಅಂತ ಬರೆದಿದ್ದ. ಅವನಿಗೆ ಆಟಿಸಂ ಇರೋ ಮಗನಿದ್ದ. ತಜ್ಞನೂ ಅವನೇ, ತಂದೆಯೂ ಅವನೇ. ಮನೆಯಲ್ಲಿ ದಿನಾ ನೋಡೋದಕ್ಕೂ ಪುಸ್ತಕದಲ್ಲಿ ಬರೆದಿದ್ದಕ್ಕೂ ತಾಳೆಯಾಗದೇ ಇದ್ದಾಗ ಅವನು ಪುಸ್ತಕವನ್ನು ಪಕ್ಕಕ್ಕಿಟ್ಟ.

ನಮ್ಮ ದೇಶದಲ್ಲಿ 'ಸಂಸ್ಥೆಗೆ ಸೇರಿಸಿ' ಅನ್ನೋಕೆ ಸಂಸ್ಥೆಗಳು ಎಲ್ಲಿದ್ದವು? ಇದ್ದಿದ್ದು ಮಾನಸಿಕ ಆಸ್ಪತ್ರೆಗಳು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ಅಂಗಳದಲ್ಲಿ ಟೆಂಟು ಹೊಡೆಸಿ ರೋಗಿಗಳ ಮನೆಯವರನ್ನು ಅಲ್ಲೇ ಇರಿಸಿಕೊಂಡರು. ಮನೆಯವರು ಅಡುಗೆ ಮಾಡಿದರು, ಸೇವೆ ಮಾಡಿದರು, ಜೊತೆಗೆ ಕಾಯಿಲೆ ಅಂದರೇನು ಅಂತ ಕಲಿತರು. ರೋಗಿಗಳು ಬೇಗ ಮನೆಗೆ ಹೋದರು. ವೆಲ್ಲೂರಿನ ಸಿಎಂಸಿಯಲ್ಲಿ 1957ರಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಶುರುವಾದಾಗಲೂ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಅನ್ನೋ ಪದ್ಧತಿ ಬಂತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ಮಕ್ಕಳ ವಿಭಾಗದಲ್ಲಿ ಡಾ. ಸತೀಶ್ ಗಿರಿಮಾಜಿ ಮುಂತಾದವರು ಬುದ್ಧಿಮಾಂದ್ಯ ಮಗು ಮತ್ತು ಅಪ್ಪ-ಅಮ್ಮನನ್ನು ಒಟ್ಟಿಗೇ ಕೆಲವು ದಿನ ದಾಖಲು ಮಾಡಿಕೊಂಡು, ಮನೆಯಲ್ಲಿ ಏನು ಮಾಡಬೇಕು ಅಂತ ತರಬೇತಿ ಕೊಟ್ಟು ಕಳಿಸೋ ಕೆಲಸ ಮಾಡಿದರು.

ಶಾಲೆಗಳ ಕಥೆಯಲ್ಲಿ ತಂದೆ-ತಾಯಿಗಳೇ ಮುಂದೆ. ಬೊಂಬಾಯಿಯಲ್ಲಿ ಜೈ ವಕೀಲ್ ಅನ್ನೋ ತಾಯಿ 1944ರಲ್ಲಿ ತನ್ನ ಮಗಳಿಗೋಸ್ಕರ ಶುರು ಮಾಡಿದ ಶಾಲೆ ಇವತ್ತಿಗೂ ನಡೆಯುತ್ತಿದೆ. ಅದೇ ಊರಿನಲ್ಲಿ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದ ಮಿಥು ಅಲೂರ್ ಕೂಡ ಸೆರೆಬ್ರಲ್ ಪಾಲ್ಸಿ ಇರೋ ಮಗಳ ತಾಯಿ. ನಮಗೆ ಹತ್ತಿರದ ಹೈದರಾಬಾದಿನಲ್ಲಿ ಠಾಕೂರ್ ಹರಿಪ್ರಸಾದ್ ಸಂಸ್ಥೆ 1968ರಲ್ಲಿ ಬಂತು.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರ್ತೀನಿ. ಅದು ಪರೀಕ್ಷೆಗಳ ಕಥೆ. ಮಗುವಿನ 'ಐಕ್ಯು ಇಷ್ಟು' ಅಂತ ಕಾಗದದ ಮೇಲೆ ಬರೆದು ಕೊಡ್ತಾರಲ್ಲ, ಆ ಸಂಖ್ಯೆ ಎಲ್ಲಿಂದ ಬರುತ್ತದೆ? ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಮಾಡಿದ ಪರೀಕ್ಷೆ ಅಮೆರಿಕಕ್ಕೆ ಹೋಗಿ ಬೆಳೆಯಿತು. ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. ಎಲ್ಲಿ ಗೊತ್ತಾ? ಧಾರವಾಡ, ಬೆಳಗಾವಿ ಕಡೆ! ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳನ್ನು ಕೂರಿಸಿಕೊಂಡು, 1930ರ ದಶಕದಲ್ಲಿ. ಅವರ ಪುಸ್ತಕ 1940ರಲ್ಲಿ ಬಂತು. ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಿನೆ-ಕಾಮತ್ ಪರೀಕ್ಷೆ ಅಂತ ದಶಕಗಳ ಕಾಲ ನಡೆದಿದ್ದು ಇದೇ. ಕನ್ನಡ-ಮರಾಠಿ ಎರಡನ್ನೂ ಕಲಸಿ ಮಾತಾಡೋ ಬಸವಕಲ್ಯಾಣದವರಿಗೆ ಇದಕ್ಕಿಂತ ಹತ್ತಿರದ ಪರೀಕ್ಷೆ ಇರಲಿಕ್ಕಿಲ್ಲ :)

ಆದರೆ ಮಾತೇ ಬಾರದ ಮಗುವಿಗೆ ಪ್ರಶ್ನೆ ಕೇಳೋದು ಹೇಗೆ? ಅಲ್ಲಿ ಇನ್ನೊಂದು ಜಾತಿಯ ಪರೀಕ್ಷೆ ಬೇಕಾಯಿತು. ಅಮೆರಿಕದ ವೈನ್‌ಲ್ಯಾಂಡ್ ಅನ್ನೋ ಊರಿನಲ್ಲಿ ಎಡ್ಗರ್ ಡಾಲ್ 1930ರ ದಶಕದಲ್ಲಿ ಮಾಡಿದ ಅಳತೆಯನ್ನು ನಾಗಪುರದಲ್ಲಿದ್ದ ಎ.ಜೆ. ಮಾಲಿನ್ ಭಾರತಕ್ಕೆ ಹೊಂದಿಸಿದರು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ ಹುಟ್ಟಿನಿಂದ 15 ವರ್ಷದ ತನಕದ ಮಕ್ಕಳಿಗೆ 88 ಅಂಶಗಳ ಇನ್ನೊಂದು ಅಳತೆ ಮಾಡಿದರು. ಈ ಎರಡರಲ್ಲೂ ತಜ್ಞ ಪ್ರಶ್ನೆ ಕೇಳೋದು ಮುಖ್ಯವಾಗಿ ತಾಯಿಯನ್ನು. ಕತ್ತು ಯಾವಾಗ ನಿಂತಿತು, ತಾನೇ ಉಣ್ಣುತ್ತಾನಾ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನಾ, ಅಂಗಡಿಗೆ ಹೋಗಿ ಬರುತ್ತಾನಾ, ಹೀಗೆ. ತಾಯಿ ಹೇಳಿದ್ದನ್ನೆಲ್ಲ ಕೂಡಿಸಿ ಒಂದು ಸಂಖ್ಯೆ.

ನಾನು ಸಾಫ್ಟ್‌ವೇರಿನವನು, ಹಾಗಾಗಿ ಇದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಔಟ್‌ಪುಟ್ ಮೇಲೆ ತಜ್ಞನ ಸಹಿ, ಮೊಹರು. ಇನ್‌ಪುಟ್ ಪೂರ್ತಿ ಅವ್ವನದ್ದು. ಅರ್ಧ ಗಂಟೆ ಮಗುವನ್ನು ನೋಡೋ ತಜ್ಞನ ಹತ್ತಿರ ಇರೋದು ಟೆಸ್ಟ್ ಸರ್ವರಿನ ಒಂದು ಸ್ಕ್ರೀನ್‌ಶಾಟ್. ವರ್ಷಗಟ್ಟಲೆ ಲಾಗ್ ಇರೋದು ಅವಳ ತಲೆಯಲ್ಲಿ. ಅವಳು ನಾಚಿಕೆಯಿಂದ ಎರಡು 'ಹೌದು' ಜಾಸ್ತಿ ಹೇಳಿದರೆ ಸಂಖ್ಯೆ ಏರುತ್ತದೆ, ಹೆದರಿ ಎರಡು 'ಇಲ್ಲ' ಜಾಸ್ತಿ ಹೇಳಿದರೆ ಇಳಿಯುತ್ತದೆ. ಆ ಸಂಖ್ಯೆಯ ಮೇಲೆ ಸರಕಾರದ ಶೇಕಡಾವಾರು ನಿಂತಿದೆ. 2001ರ ಮಾರ್ಗಸೂಚಿಯ ಪ್ರಕಾರ ಐಕ್ಯು 50ರಿಂದ 69 ಇದ್ದರೆ ಶೇ. 50, 35ರಿಂದ 49 ಇದ್ದರೆ ಶೇ. 75, 20ರಿಂದ 34 ಇದ್ದರೆ ಶೇ. 90, ಅದಕ್ಕೂ ಕೆಳಗಿದ್ದರೆ ಶೇ. 100 ಅಂತ ಇತ್ತು. ಪಿಂಚಣಿ, ಬಸ್ ಪಾಸ್, ರೈಲಿನ ರಿಯಾಯಿತಿ ಎಲ್ಲದಕ್ಕೂ ಈ ಕಾಗದವೇ ಮೂಲ. ಅಂದರೆ ತಾಯಿ ಮತ್ತು ತಜ್ಞ ಒಟ್ಟಿಗೆ ಕೆಲಸ ಮಾಡಬೇಕೋ ಬೇಡವೋ ಅಂತ ಚರ್ಚೆ ಶುರುವಾಗೋ ಮೊದಲೇ ಅವರು ಒಂದೇ ಮೇಜಿನ ಎರಡು ಕಡೆ ಕೂತು ಕೆಲಸ ಮಾಡುತ್ತಿದ್ದರು. ಅದನ್ನು ಯಾರೂ ಹಾಗಂತ ಕರೆಯುತ್ತಿರಲಿಲ್ಲ ಅಷ್ಟೆ.

ದೂರವೇ ಪದ್ಧತಿ ಹುಟ್ಟಿಸೋದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಅಂತ ಒಂದು ಸಣ್ಣ ಊರು. ಸುತ್ತ ಹಳ್ಳಿಗಳು, ಮನೆಗಳು ಚದುರಿಕೊಂಡಿವೆ, ಎಲ್ಲ ಮಕ್ಕಳನ್ನು ಒಂದು ಕಡೆ ಸೇರಿಸೋದು ಆಗದ ಮಾತು. 1969ರಲ್ಲಿ ಅಲ್ಲಿನವರು ಒಂದು ಉಪಾಯ ಮಾಡಿದರು. ವಾರಕ್ಕೊಮ್ಮೆ ಒಬ್ಬ ಕಾರ್ಯಕರ್ತೆ ಮನೆಗೆ ಹೋಗೋದು, ಈ ವಾರ ಮಗುವಿಗೆ ಕಲಿಸಬೇಕಾದ ಒಂದೆರಡು ಸಣ್ಣ ಕೆಲಸ ತಾಯಿಗೆ ತೋರಿಸೋದು, ಒಂದು ಹಾಳೆ ಕೊಡೋದು. ತಾಯಿ ದಿನಾ ಕಲಿಸಿ ಹಾಳೆಯಲ್ಲಿ ಗುರುತು ಹಾಕೋದು. ಈ ಪೋರ್ಟೇಜ್ ಪದ್ಧತಿ ಎಷ್ಟೋ ದೇಶಗಳಿಗೆ ಹೋಯಿತು. ನಮ್ಮಲ್ಲಿ ಚಂಡೀಗಢದ ತೇಹಲ್ ಕೊಹ್ಲಿ ಅದನ್ನು ಅಂಗನವಾಡಿಗಳ ಮೂಲಕ ತಂದರು. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳ್ಳಿಯಲ್ಲೇ ಮನೆಯವರಿಂದ ತರಬೇತಿ ಕೊಡಿಸೋ ಒಂದು ಕೈಪಿಡಿ ಹೊರತಂದಿತು. ಬೆಂಗಳೂರಿನ ಸೇವಾ ಇನ್ ಆಕ್ಷನ್, ನಮ್ಮ ಕಡೆ ರಾಯಚೂರು-ಕೊಪ್ಪಳದಲ್ಲಿ ಸಮೂಹ, ಇವೆಲ್ಲ ಅದೇ ಕಾಲದಲ್ಲಿ ಮನೆ ಬಾಗಿಲಿಗೆ ಹೋಗಿ ಕೆಲಸ ಮಾಡಿದ ಸಂಸ್ಥೆಗಳು.

ಬೀದರ್ ಜಿಲ್ಲೆಯವರ ಮಟ್ಟಿಗೆ ದೊಡ್ಡ ಬದಲಾವಣೆ 1984ರಲ್ಲಿ ಆಯಿತು. ಕೇಂದ್ರ ಸರಕಾರ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯನ್ನು ಸಿಕಂದರಾಬಾದಿನ ಬೋವೆನಪಲ್ಲಿಯಲ್ಲಿ ಶುರು ಮಾಡಿತು. ಆ ಜಾಗಕ್ಕೆ ಮನೋವಿಕಾಸ ನಗರ ಅಂತ ಹೆಸರು. ಎನ್‌ಐಎಂಎಚ್ ಅನ್ನುತ್ತಿದ್ದರು, 2016ರ ಹೊತ್ತಿಗೆ ಹೆಸರು ಬದಲಾಗಿ ಈಗ ಎನ್‌ಐಇಪಿಐಡಿ. ಇಡೀ ದೇಶಕ್ಕೆ ಅಂತ ಮಾಡಿದ ಸಂಸ್ಥೆ ಬೆಂಗಳೂರಿನವರಿಗಿಂತ ಹುಮನಾಬಾದಿನವರಿಗೆ ಹತ್ತಿರ ಬಿತ್ತು. ಹುಮನಾಬಾದಿಗೆ ಇಂಥ ಅದೃಷ್ಟ ಬಹಳ ಸಲ ಬಂದಿಲ್ಲ.

ನಮ್ಮ ಕಾಕು ಬಸವಕಲ್ಯಾಣದಿಂದ ಅಣ್ಣನನ್ನು ಎತ್ತಿಕೊಂಡು ಅಲ್ಲಿಗೆ ಹೋಗಿದ್ದು 1995ರಲ್ಲಿ, ನಾನು ಹುಟ್ಟುವ ಮೊದಲಿನ ಮಾತು. ಅದಕ್ಕೂ ಮುಂಚೆ ಒಬ್ಬ ಡಾಕ್ಟರು "ಇವನಿಂದ ಏನೂ ಆಗಂಗಿಲ್ಲ, ಇನ್ನೊಂದು ಮಗು ಮಾಡ್ಕೊಳ್ರಿ" ಅಂದಿದ್ದರಂತೆ. ಅಣ್ಣನಿಗೆ ಆಗ ನಾಲ್ಕು ವರ್ಷ, ತಾನೇ ಉಣ್ಣಲು ಬರುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಸಸ್ತಾಪುರ ಬಂಗ್ಲಾಕ್ಕೆ ಬಂದು, ಸೋಲಾಪುರ ಕಡೆಯಿಂದ ಬರೋ ಬಸ್ಸಿಗೆ ಕೈ ಮಾಡಿ ಹತ್ತಬೇಕಿತ್ತು.

ಅಲ್ಲಿನ ಟೀಚರು ಕಲಿಸಿದ್ದು ಇಷ್ಟು. ಒಂದು ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆಯೋದು. ಎಲ್ಲ ಮೆಟ್ಟಿಲನ್ನೂ ನೀವೇ ಮಾಡಿ, ಕೊನೆಯದನ್ನು ಮಾತ್ರ ಮಗುವಿಗೆ ಬಿಡೋದು. ತುತ್ತು ನೀವು ಮಾಡಿ, ಅವನ ಕೈಯಲ್ಲಿ ಇಟ್ಟು, ಆ ಕೈಯನ್ನು ಬಾಯಿಯ ಹತ್ತಿರ ತಂದು ಬಿಟ್ಟುಬಿಡಿ. ಉಳಿದ ಎರಡು ಅಂಗುಲ ಅವನದ್ದು. ಅದು ಬಂದ ಮೇಲೆ ಅದರ ಹಿಂದಿನ ಮೆಟ್ಟಿಲು. ಹೀಗೆ ಹಿಂದಿನಿಂದ ಮುಂದಕ್ಕೆ ಬರೋದರಿಂದ ಮಗುವಿಗೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಸಿಗುತ್ತದೆ. (ಡೀಬಗ್ಗಿಂಗ್ ಮಾಡುವಾಗ ನಾವೂ ಎಷ್ಟೋ ಸಲ ಹೀಗೇ ಕೊನೆಯಿಂದ ಬರ್ತೀವಿ.)

ತೊಂದರೆ ಏನಪ್ಪಾ ಅಂದರೆ, ಅಲ್ಲಿ ಕಲಿಸಿದ್ದು ಅನ್ನದ ತಟ್ಟೆ ಇಟ್ಟುಕೊಂಡು. ನಮ್ಮ ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ. ಕಲಸಿ ಮುದ್ದೆ ಮಾಡೋದು ಬೇರೆ, ರೊಟ್ಟಿ ಮುರಿದು ಪಲ್ಯ ಹಚ್ಚಿಕೊಳ್ಳೋದು ಬೇರೆ. ಮುರಿಯೋಕೆ ಎರಡೂ ಕೈ ಬೇಕು, ಬೆರಳಿಗೆ ಶಕ್ತಿ ಬೇಕು. ಕಾಕು ಎರಡು ವಾರ ಒದ್ದಾಡಿ, ಆಮೇಲೆ ತಾನೇ ಒಂದು ದಾರಿ ಮಾಡಿಕೊಂಡಳು. ಮೊದಲು ಮುಟಗಿ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿ ಉಂಡೆ ಕಟ್ಟಿದ್ದು (ಅವನಿಗೆ ಖಾರ ಕಮ್ಮಿ). ಹಿಡಿದರೆ ಜಾರೋದಿಲ್ಲ. ಅದು ಬಂದ ಮೇಲೆ ಬೇಳೆಯಲ್ಲಿ ನೆನೆಸಿದ ರೊಟ್ಟಿ. ಅದು ಬಂದ ಮೇಲೆ ಬಿಸಿ ರೊಟ್ಟಿ. ಕಡಕ್ ರೊಟ್ಟಿ ಕೊನೆಗೆ, ಅದಕ್ಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಮುಂದಿನ ಸಲ ಹೋದಾಗ ಇದನ್ನು ಹೇಳಿದರೆ ಟೀಚರು ಪೆನ್ನು ತೆಗೆದು ಪೂರ್ತಿ ಬರೆದುಕೊಂಡರಂತೆ. ರೊಟ್ಟಿ ತಿನ್ನೋ ಸೀಮೆಯಿಂದ ಬರೋ ಬೇರೆ ತಾಯಂದಿರಿಗೂ ಹೇಳ್ತೀನಿ ಅಂದರಂತೆ. "ನಾ ಕಲಿಲಿಕ್ಕಿ ಹೋಗಿದ್ದೆ, ಆಕಿ ನನ್ ಹತ್ರ ಬರ್ಕೊಂಡ್ಳು ನೋಡು" ಅಂತ ಕಾಕು ಈಗಲೂ ಹೇಳ್ತಾಳೆ, ಸ್ವಲ್ಪ ಜಂಬದಿಂದ.

ಇಂಥ ಮಾತುಗಳು ಆ ಸಂಸ್ಥೆಯ ಕೆಲಸದಲ್ಲೂ ಇಳಿದವು. ಅಲ್ಲಿನ ರೀಟಾ ಪೇಶಾವರಿಯಾ ಮತ್ತು ನಿರ್ದೇಶಕರಾಗಿದ್ದ ಡಿ.ಕೆ. ಮೆನನ್ ಸೇರಿ ಇಂಥ ಮಕ್ಕಳಿರೋ ಭಾರತೀಯ ಕುಟುಂಬಗಳನ್ನೇ ಅಧ್ಯಯನ ಮಾಡಿದರು, ಕುಟುಂಬಕ್ಕೆ ಏನು ಬೇಕು ಅಂತ ಕೇಳಿ ದಾಖಲಿಸೋ ಒಂದು ಪಟ್ಟಿ ತಯಾರಿಸಿದರು. ಅಲ್ಲಿಯ ತನಕ ಎಲ್ಲರೂ ಅಳೆಯುತ್ತಿದ್ದದ್ದು ಮಗುವನ್ನು. ಮನೆಯವರನ್ನು ಕೂರಿಸಿ "ನಿಮಗೇನು ಬೇಕು?" ಅಂತ ಕೇಳೋದು ಹೊಸದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. 'ಪೋಷಕರು' ಅಂತ ನಾವು ಬರೆಯುತ್ತೇವೆ, ಕೆಲಸ ಮಾಡಿದ್ದು ತಾಯಂದಿರು. ನಮ್ಮ ಕಾಕಾ ಫಾರ್ಮಿಗೆ ಸಹಿ ಹಾಕಿದ, ಬಸ್ ಚಾರ್ಜು ಕೊಟ್ಟ, ಅಷ್ಟು ಮಾಡಿದ್ದೇ ಆ ಕಾಲಕ್ಕೆ ದೊಡ್ಡದು ಅನ್ನುತ್ತಾರೆ. ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಪೋಷಕರ ಸಂಘವೂ ರೋಟರಿಯೂ ಸೇರಿ ನಡೆಸೋ ಒಂದು ಶಾಲೆಯಿದೆ, ಜನ ಅದನ್ನು ತಾಯಂದಿರ ಶಾಲೆ ಅಂತಲೇ ಕರೆಯುತ್ತಾರೆ. ಮಗುವಿನ ಜೊತೆ ತಾಯಿಯೂ ದಿನಾ ತರಗತಿಯಲ್ಲಿ ಕೂರಬೇಕು, ಮೂರು ವರ್ಷ. ದೂರದ ಜಿಲ್ಲೆಗಳಿಂದ ಹೆಂಗಸರು ಬಂದು ಮೈಸೂರಿನಲ್ಲಿ ಬಾಡಿಗೆ ರೂಮು ಮಾಡಿ ಇರುತ್ತಾರೆ. ಮಕ್ಕಳು ಮಾತು ಕಲಿಯುತ್ತಾರೆ, ಊರಿನ ಸಾಮಾನ್ಯ ಶಾಲೆ ಸೇರುತ್ತಾರೆ. ಅದ್ಭುತ ಕೆಲಸ, ಎರಡು ಮಾತಿಲ್ಲ. ಆದರೆ ಹುಮನಾಬಾದಿನ ಹೊಲದಲ್ಲಿ ತೊಗರಿ ಕೊಯ್ದು ದಿನಗೂಲಿ ತರೋ ಹೆಂಗಸು ಮೂರು ವರ್ಷ ಮೈಸೂರಿನಲ್ಲಿ ಇರೋದು ಹೇಗೆ? ತಜ್ಞರ ಕೊರತೆಯನ್ನು ತಾಯಿಯ ಸಮಯದಿಂದ ತುಂಬಿದ್ದೇವೆ, ಆ ಸಮಯಕ್ಕೆ ಯಾರೂ ಕೂಲಿ ಕೊಟ್ಟಿಲ್ಲ. ಸಮಯವೇ ಇಲ್ಲದ ತಾಯಿಯನ್ನು "ಆಸಕ್ತಿಯಿಲ್ಲದ ಪೋಷಕರು" ಅಂತ ಫೈಲಿನಲ್ಲಿ ಬರೆಯೋದು ಬಹಳ ಸುಲಭ.

ಇಲ್ಲಿಂದ ಕಥೆ ಇನ್ನೊಂದು ತಿರುವು ತೆಗೆದುಕೊಳ್ಳುತ್ತದೆ. ತಜ್ಞರು ತಾಯಂದಿರನ್ನು ತರಬೇತಿಗೆ ಅಂತ ಒಂದೇ ಕೋಣೆಯಲ್ಲಿ ಕೂರಿಸಿದರಲ್ಲ, ಅವರು ಒಬ್ಬರಿಗೊಬ್ಬರು ಮಾತಾಡಿಕೊಂಡರು. ಎನ್‌ಐಎಂಎಚ್ 1990ರ ದಶಕದ ಮೊದಲ ವರ್ಷಗಳಲ್ಲಿ ದೇಶದ ಬೇರೆ ಬೇರೆ ಕಡೆಯ ಪೋಷಕರನ್ನು ಕರೆದು ಸಮಾವೇಶಗಳನ್ನು ಮಾಡಿತು. ತಜ್ಞರು ಅಂದುಕೊಂಡಿದ್ದು ಉಣ್ಣೋದು, ಉಡೋದು, ಶಾಲೆ, ಥೆರಪಿ ಬಗ್ಗೆ ಪ್ರಶ್ನೆ ಬರುತ್ತವೆ ಅಂತ ಇರಬಹುದು. ಬಂದ ಪ್ರಶ್ನೆ ಬೇರೆ. ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದರೆ: "ನಾ ಇರೋತನಕ ನಾ ನೋಡ್ತೀನಿ. ನಾ ಹೋದ ಮ್ಯಾಲ ಯಾರು?"

ಇದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರ ಇಲ್ಲ. ಕಾನೂನಿನಲ್ಲೂ ಇರಲಿಲ್ಲ, ಅದೇ ವಿಚಿತ್ರ. 1890ರ ಪಾಲಕರ ಕಾಯ್ದೆ ಅಪ್ರಾಪ್ತರಿಗೆ ಮಾತ್ರ. ಮಗನಿಗೆ 18 ತುಂಬಿದ ದಿನ ತಂದೆ-ತಾಯಿ ಕಾನೂನಿನ ಕಣ್ಣಲ್ಲಿ ಅವನ ಪಾಲಕರಲ್ಲ. ಹಾಗಂತ ಅವನು ಬ್ಯಾಂಕಿಗೆ ಹೋಗಿ ಸಹಿ ಹಾಕೋಕೂ ಆಗದು. 1912ರ ಹಳೇ ಹುಚ್ಚರ ಕಾಯ್ದೆಯಲ್ಲಿ ಕೋರ್ಟಿಗೆ ಹೋಗಿ ಪಾಲಕನನ್ನು ನೇಮಿಸಿಕೊಳ್ಳೋ ಒಂದು ದಾರಿ ಇತ್ತು, ಅವಮಾನದ ದಾರಿಯಾದರೂ ಸರಿ. ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಯಾದಾಗ, 'ಬುದ್ಧಿಮಾಂದ್ಯತೆ ಮಾನಸಿಕ ಕಾಯಿಲೆ ಅಲ್ಲ' ಅಂತ ಅದನ್ನು ಹೊರಗಿಟ್ಟಿತು. ವೈದ್ಯರ ದೃಷ್ಟಿಯಿಂದ ಇದು ನೂರಕ್ಕೆ ನೂರು ಸರಿ. ನಿಜವಾಗಿಯೂ ಎರಡೂ ಬೇರೆ. ಆದರೆ ತಜ್ಞರಿಗೆ ಸರಿ ಅನ್ನಿಸಿದ ಆ ಒಂದು ವಾಕ್ಯದಿಂದ ವಯಸ್ಕ ಮಕ್ಕಳ ಅಪ್ಪ-ಅಮ್ಮನಿಗೆ ಇದ್ದ ಆ ಒಂದು ಬಾಗಿಲೂ ಮುಚ್ಚಿತು. ಹೊಸ ವರ್ಷನ್ ಬಿಟ್ಟಾಗ ಹಳೇ ಫೀಚರ್ ಯಾರು ಬಳಸುತ್ತಿದ್ದರು ಅಂತ ವಿಚಾರಿಸದೆ ತೆಗೆದ ಹಾಗೆ.

ಇದನ್ನು ಹಿಡಿದು ಕೂತವರು ಪೋಷಕರ ಸಂಘಗಳು. ಕರ್ನಾಟಕದಲ್ಲಿ ಬುದ್ಧಿಮಾಂದ್ಯರ ಪೋಷಕರ ಸಂಘ ಇತ್ತು, ಬೇರೆ ರಾಜ್ಯಗಳಲ್ಲೂ ಇದ್ದವು. 1995ರಲ್ಲಿ ಇವೆಲ್ಲ ಸೇರಿ 'ಪರಿವಾರ್' ಅನ್ನೋ ರಾಷ್ಟ್ರೀಯ ಒಕ್ಕೂಟ ಆಯಿತು. ಬೆಂಗಳೂರಿನ ಜೆ.ಪಿ. ಗಡಕರಿ ಅದನ್ನು ವರ್ಷಗಟ್ಟಲೆ ಮುನ್ನಡೆಸಿದರು. 30 ಡಿಸೆಂಬರ್ 1999ರಂದು ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ. ಇದರ ಮಂಡಳಿಯಲ್ಲಿ ಪೋಷಕರ ಸಂಘಗಳಿಗೆ ಮೂರು ಸ್ಥಾನ ಇರಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಪ್ರತಿ ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ವಿಕಲಚೇತನರೊಬ್ಬರು. ತಂದೆ-ತಾಯಿ ಅಲ್ಲಿ ಅರ್ಜಿ ಹಾಕಿ 18 ದಾಟಿದ ಮಗನಿಗೆ ಅಥವಾ ಮಗಳಿಗೆ ಪಾಲಕರನ್ನು ನೇಮಿಸಿಕೊಳ್ಳಬಹುದು. ಕೋರ್ಟು, ವಕೀಲರು ಬೇಡ. ನೇಮಕವಾದ ಪಾಲಕ ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಈ ಎರಡು ಸಾಲುಗಳನ್ನು ಯಾರೋ ಅನುಭವಸ್ಥ ತಾಯಿಯೇ ಬರೆಸಿರಬೇಕು ಅಂತ ನನಗೆ ಅನ್ನಿಸುತ್ತದೆ. ಅಣ್ಣ-ತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಭೋಳಾ ಹುಡುಗನ ಪಾಲು ಹೇಗೆ ಮಾಯವಾಗುತ್ತದೆ ಅಂತ ನಮ್ಮ ಕಡೆ ಗೊತ್ತಿಲ್ಲದವರು ಯಾರು? 2008ರಲ್ಲಿ ಇದೇ ಟ್ರಸ್ಟಿನಿಂದ ನಿರಾಮಯ ಅನ್ನೋ 1 ಲಕ್ಷ ರೂಪಾಯಿ ತನಕದ ಆರೋಗ್ಯ ವಿಮೆಯೂ ಬಂತು.

ಹಾಗಾದರೆ ನಮ್ಮ ತಾಲೂಕುಗಳಿಗೆ ಬಂದಿದ್ದೇನು? ಹುಮನಾಬಾದಿಗೆ ಅಂಟಿಕೊಂಡ ಮಾಣಿಕನಗರದಲ್ಲಿ ಮಾಣಿಕ ಪ್ರಭು ಸಂಸ್ಥಾನದವರು ಅಂಧ ಮಕ್ಕಳ ಶಾಲೆ ನಡೆಸುತ್ತಾರೆ. ಸರ್ವ ಶಿಕ್ಷಾ ಅಭಿಯಾನ ಬಂದ ಮೇಲೆ ತಾಲೂಕಿನ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅನ್ನೋ ವಿಶೇಷ ಶಿಕ್ಷಕರು ಬಂದರು, ಶಾಲಾ ಸಿದ್ಧತಾ ಕೇಂದ್ರ ಅಂತ ಬಂತು, ಏಳಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಬಂತು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದನ್ನು ಹಕ್ಕಾಗಿಯೇ ಮಾಡಿತು. ತಾಲೂಕಿಗೆ ಒಬ್ಬ ಎಂಆರ್‌ಡಬ್ಲ್ಯು, ಗ್ರಾಮ ಪಂಚಾಯತಿಗೆ ಒಬ್ಬ ವಿಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಬಂದರು. ಇವರಲ್ಲಿ ಬಹಳ ಜನ ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ನನ್ನ ಲೆಕ್ಕದಲ್ಲಿ ಈ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯ ಕೊಂಡಿ ಇವರೇ. ಯಾವ ಮನೆಯಲ್ಲಿ ಯಾವ ಮಗು ಒಳಕೋಣೆಯಲ್ಲಿದೆ ಅಂತ ಇವರಿಗೆ ಗೊತ್ತು.

ದೂರ ಮಾತ್ರ ಈಗಲೂ ತನ್ನ ಆಟ ಆಡುತ್ತದೆ. ಕರ್ನಾಟಕದಲ್ಲಿ ವಿಕಲಚೇತನರ ರಿಯಾಯಿತಿ ಬಸ್ ಪಾಸಿನ ಮಿತಿ ಮನೆಯಿಂದ 100 ಕಿಲೋಮೀಟರ್. ಬೀದರ್ ಆ ವೃತ್ತದ ಒಳಗೆ, ಮನೋವಿಕಾಸ ನಗರ ಹೊರಗೆ. 2023ರಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಅದು ರಾಜ್ಯದ ಒಳಗೆ. ಬೆಂಗಳೂರಿನ ತನಕ ಕಾಕು ಪುಕ್ಕಟೆ ಹೋಗಬಹುದು, ಹೈದರಾಬಾದಿಗೆ ಚಾರ್ಜು ಕೊಡಬೇಕು. 1956ರಲ್ಲಿ ಎಳೆದ ಗೆರೆ ಟಿಕೆಟ್ ಮಷೀನಿನಲ್ಲಿ ಇನ್ನೂ ಇದೆ.

ಇಷ್ಟು ಹೊತ್ತು ಇಬ್ಬರ ಬಗ್ಗೆಯೇ ಬರೆದೆ, ಅಪ್ಪ-ಅಮ್ಮ ಮತ್ತು ತಜ್ಞರು. ಮೂರನೆಯವರೊಬ್ಬರು ಇದ್ದಾರಲ್ಲ! ಮಿಥು ಅಲೂರರ ಮಗಳು ಮಾಲಿನಿ ಚಿಬ್ 2010ರಲ್ಲಿ ತನ್ನ ಜೀವನದ ಪುಸ್ತಕ ಬರೆದರು. ಅಮ್ಮ ಸಂಸ್ಥೆ ಕಟ್ಟಿದ ಕಥೆಯನ್ನು ಮಗಳ ಕಡೆಯಿಂದ ಓದಿದರೆ ಬೇರೆಯೇ ಕಾಣುತ್ತದೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳೋದು, ಕಾನೂನಿನ ಮುಂದೆ ಇವರೂ ಎಲ್ಲರ ಹಾಗೆ ಪೂರ್ತಿ ವ್ಯಕ್ತಿಗಳು, ನಿರ್ಧಾರಕ್ಕೆ ಸಹಾಯ ಬೇಕಿದ್ದರೆ ಕೊಡಿ ಅಂತ. ಅವರ ಬದಲಿಗೆ ಇನ್ನೊಬ್ಬರು ನಿರ್ಧಾರ ಮಾಡೋದನ್ನು ಅದು ಒಪ್ಪುವುದಿಲ್ಲ ಅಂತ ವಿಕಲಚೇತನರ ಸಂಘಟನೆಗಳು ವಾದಿಸುತ್ತವೆ. 2016ರ ಹಕ್ಕುಗಳ ಕಾಯ್ದೆ 7 ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಪಾಲಕತ್ವದ ಬಗ್ಗೆ ಅದು ನಡುದಾರಿ ಹಿಡಿದು 'ಸೀಮಿತ ಪಾಲಕತ್ವ' ಅಂದಿತು, ಅಂದರೆ ಇಂಥ ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ, ಆ ವ್ಯಕ್ತಿಯ ಇಚ್ಛೆ ಕೇಳಿ. 1999ರ ಕಾಯ್ದೆ ಅದರ ಪಕ್ಕದಲ್ಲಿ ಹಾಗೇ ನಿಂತಿದೆ. ಪೋಷಕರು ಹೋರಾಡಿ ಪಡೆದಿದ್ದನ್ನು ಮಕ್ಕಳ ಪರವಾಗಿ ಮಾತಾಡುವವರೇ ಪ್ರಶ್ನಿಸುತ್ತಿದ್ದಾರೆ. ಯಾರು ಸರಿ ಅಂದರೆ, ಕಾಕುವಿನ ಮುಖ ನೋಡಿಕೊಂಡು ಒಡಂಬಡಿಕೆಯ ಪರ ವಾದ ಮಾಡೋಕೆ ನನ್ನ ಕೈಲಿ ಆಗೋದಿಲ್ಲ. ಅಣ್ಣನ ಮುಖ ನೋಡಿಕೊಂಡು ಅದರ ವಿರುದ್ಧ ಮಾತಾಡೋಕೂ ಆಗೋದಿಲ್ಲ.

ಅಣ್ಣನಿಗೆ ಈಗ ಮೂವತ್ತು ದಾಟಿದೆ. ಕಾಕಾನ ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳನ್ನು ಸಾಲಾಗಿ ಇಡೋ ಕೆಲಸ ಅವನದ್ದು, ಯಾರ ಡಬ್ಬಿ ಯಾವುದು ಅಂತ ತಪ್ಪೋದೇ ಇಲ್ಲ. ಪಾಲಕತ್ವದ ಅರ್ಜಿ ಇನ್ನೂ ಹಾಕಿಲ್ಲ, ಫಾರ್ಮ್ 'ಎ' ಪ್ರಿಂಟ್ ತೆಗೆದು ಕೊಟ್ಟು ಬಂದಿದ್ದೇನೆ. ಅಕ್ಕನ ಹೆಸರು ಬರೆಯಬೇಕೋ ನನ್ನ ಹೆಸರು ಬರೆಯಬೇಕೋ ಅಂತ ಮನೆಯಲ್ಲಿ ಮಾತು ನಡೆದಿದೆ. ಯಾರಿದ್ದರೆ ನಿನಗೆ ಸರಿ ಅಂತ ಅವನನ್ನೇ ಕೇಳಿ ಅಂದೆ. ಕಾಕು ಮೊದಲು ನಕ್ಕಳು, ಆಮೇಲೆ ಕೇಳಿದಳು. ಅವನು ಅಕ್ಕನ ಹೆಸರು ಹೇಳಿದ, ಕಾರಣ ಹೇಳಲಿಲ್ಲ. ಮುಂದಿನ ತಿಂಗಳು ಬೀದರಿಗೆ ಹೋಗುವಾಗ ಅವನೂ ಬರ್ತಾನಂತೆ. ಪಾಸ್ ಇದೆ, ಕಿಟಕಿ ಸೀಟು ಸಿಗಬೇಕು ಅಂತ ಅವನ ಷರತ್ತು.